ದಿಬ್ಬೂರಹಳ್ಳಿಯ ದ್ರಾಕ್ಷಿ ಹಡಗು ಹತ್ತಿದ ಬಗೆ

ಶಿಡ್ಲಘಟ್ಟ ತಾಲ್ಲೂಕಿನ ದಿಬ್ಬೂರಹಳ್ಳಿಯಿಂದ ಸಮುದ್ರ ನೋಡಬೇಕೆಂದರೆ ಪೂರ್ವಕ್ಕೆ ಸುಮಾರು 300 ಕಿ.ಮೀ. ಹೋಗಬೇಕು. ಸಮುದ್ರದ ಮಾತು ಹಾಗಿರಲಿ, ಬೇಸಿಗೆಯಲ್ಲಿ ಕೆರೆಯಲ್ಲಿ ನೀರು ಕಂಡರೆ ಬಸ್ಸಿನಲ್ಲಿದ್ದವರು ಕಿಟಕಿಯಿಂದ ಬಗ್ಗಿ ನೋಡುವ ಸೀಮೆ ಇದು. ವರ್ಷವಿಡೀ ಹರಿಯುವ ನದಿ ಇಲ್ಲ. ಕೊಳವೆಬಾವಿ ಸಾವಿರ ಅಡಿ ದಾಟಿದರೂ ನೀರು ಸಿಕ್ಕೀತೆಂಬ ಭರವಸೆ ಇಲ್ಲ. ಆದರೂ ಇಲ್ಲಿಯ ಹೊಲದಲ್ಲಿ ಬೆಳೆದದ್ದು ಕಡಲು ದಾಟಿ ಮಲೇಷ್ಯಾ, ಸಿಂಗಪುರದ ಅಂಗಡಿಗಳಲ್ಲಿ ಕೂರುತ್ತದೆ. ಅದು ಹೇಗೆ ಎಂದು ನೋಡಲು ಕಳೆದ ಮಾರ್ಚಿಯಲ್ಲಿ ಅಲ್ಲಿಗೆ ಹೋಗಿದ್ದೆ.

ಶಿಡ್ಲಘಟ್ಟ ಎಂದರೆ ರೇಷ್ಮೆಗೂಡಿನ ಮಾರುಕಟ್ಟೆ. ಅಲ್ಲಿಂದ ಉತ್ತರಕ್ಕೆ ಹೊರಟ ಬಸ್ಸಿನಲ್ಲಿ ನನ್ನ ಪಕ್ಕದವರ ಮಾತು ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುತ್ತಿತ್ತು. ರಸ್ತೆಯ ಎರಡೂ ಬದಿ ಹಿಪ್ಪುನೇರಳೆ, ನಡುನಡುವೆ ಟೊಮೆಟೊ, ಬಂಡೆಗುಡ್ಡ, ಮತ್ತೆ ಹಿಪ್ಪುನೇರಳೆ. ಅಲ್ಲಲ್ಲಿ ಕಲ್ಲುಕಂಬ ನೆಟ್ಟು ತಂತಿ ಎಳೆದ ದ್ರಾಕ್ಷಿ ಚಪ್ಪರ.

ಚಿಕ್ಕಬಳ್ಳಾಪುರ ಸೀಮೆಯಲ್ಲಿ ಹೆಸರುವಾಸಿಯಾದ ದ್ರಾಕ್ಷಿ ಎರಡು. ಒಂದು ಬೆಂಗಳೂರು ನೀಲಿ. ಅಜ್ಜ ಅಜ್ಜಿಯರು ಚಿಕ್ಕಂದಿನಲ್ಲಿ ತಿಂದ, ಬಾಯಿಗೆ ಹಾಕಿದರೆ ಸಿಪ್ಪೆ ಒಂದು ಕಡೆ ತಿರುಳು ಒಂದು ಕಡೆ ಆಗುವ, ಗಮಗಮ ಎನ್ನುವ ಕಪ್ಪು ದ್ರಾಕ್ಷಿ ಇದೇ. 2013ರಲ್ಲಿ ಇದಕ್ಕೆ ಭೌಗೋಳಿಕ ಗುರುತು ಸಿಕ್ಕಿತು. ಜ್ಯೂಸಿಗೆ, ವೈನಿಗೆ ಇದು ಹೇಳಿ ಮಾಡಿಸಿದ್ದು. ಇನ್ನೊಂದು ದಿಲ್‌ಖುಷ್, ಉದ್ದನೆಯ ಹಸಿರು ಹಣ್ಣು. ಹೈದರಾಬಾದಿನಿಂದ ಬಂದ ಅನಾಬ್-ಎ-ಶಾಹಿ ತಳಿಯಿಂದ ಆರಿಸಿ ಬೆಳೆಸಿದ್ದು. ಇಲ್ಲಿಯ ದ್ರಾಕ್ಷಿಯ ಹೆಚ್ಚಿನ ಪಾಲು ಲಾರಿ ಹತ್ತಿ ನಮ್ಮ ದೇಶದ ಊರುಗಳಿಗೇ ಹೋಗುತ್ತದೆ. ಹಡಗು ಹತ್ತುವುದು ಸ್ವಲ್ಪ. ಆ ಸ್ವಲ್ಪದ ಹಿಂದೆ ಎಷ್ಟು ಎದೆಬಡಿತ ಇದೆ ಎಂದು ಗೊತ್ತಾದದ್ದು ನಾನು ಉಳಿದುಕೊಂಡ ಮನೆಯಲ್ಲಿ.

ಆ ಮನೆಯಲ್ಲಿ ದ್ರಾಕ್ಷಿ ತೋಟದ ಯಜಮಾನರು, ಅವರ ತಾಯಿ, ಏಳನೇ ತರಗತಿ ಓದುವ ಮಗಳು. ಆ ಕಡೆ ಅಜ್ಜಿಯನ್ನು ಅವ್ವ ಎನ್ನುವುದು ರೂಢಿ. ಅವ್ವನಿಗೆ ಎಪ್ಪತ್ತೈದರ ಮೇಲೆ, ಮೊಮ್ಮಗಳನ್ನು ಕರೆಯುವುದು ಪುಟ್ಟಿ ಎಂದು.

ಬೆಳಗಿನ ಜಾವ ಐದೂವರೆಗೆ ತೋಟದಲ್ಲಿದ್ದೆವು. ಕೊಯ್ಯುವ ಹೆಂಗಸರು ಆಗಲೇ ಬಂದಿದ್ದರು, ತಲೆಗೆ ಟಾರ್ಚು ಕಟ್ಟಿಕೊಂಡು. ಪುಟ್ಟಿಯ ಕೈಯಲ್ಲಿ ಮುಳ್ಳಿನಂಥ ತುದಿಯ ಒಂದು ಥರ್ಮಾಮೀಟರು, ಇನ್ನೊಂದು ಕೈಯಲ್ಲಿ ಲೆಕ್ಕದ ಪುಸ್ತಕ. ಗೊಂಚಲಿನ ಒಂದು ಹಣ್ಣಿಗೆ ತುದಿ ಚುಚ್ಚಿ, ಒಂದು ನಿಮಿಷ ಕಾದು, ಬರೆದುಕೊಂಡಳು: 5.40, 19 ಡಿಗ್ರಿ. ಬಿಸಿಲು ಚಪ್ಪರದೊಳಗೆ ಇಳಿದ ಮೇಲೆ ಒಂಬತ್ತು ಗಂಟೆಗೆ ಮತ್ತೆ ಚುಚ್ಚಿದಳು: 26. "ಸಾಕು ಅಪ್ಪಾ, ನಿಲ್ಲಿಸಿ" ಎಂದಳು. ಅಪ್ಪ ನಿಲ್ಲಿಸಿದರು. ಇನ್ನೂ ನಾಲ್ಕು ಸಾಲು ಹಣ್ಣು ಉಳಿದಿತ್ತು. ಏಳನೇ ತರಗತಿಯ ಹುಡುಗಿಯ ಮಾತಿಗೆ ಅಷ್ಟು ಬೆಲೆ ಇರುವುದನ್ನು ನಾನು ಬೇರೆ ಕಡೆ ಕಂಡಿಲ್ಲ.

ಹಣ್ಣನ್ನು ಕಿತ್ತರೆ ಅದು ಸತ್ತಿತು ಎಂದುಕೊಳ್ಳುತ್ತೇವಲ್ಲ, ಹಾಗಲ್ಲ ಮಕ್ಕಳೇ. ಕಿತ್ತ ಹಣ್ಣು ಬದುಕೇ ಇರುತ್ತದೆ. ಉಸಿರಾಡುತ್ತದೆ, ಒಳಗಿನ ಸಕ್ಕರೆಯನ್ನು ಸ್ವಲ್ಪ ಸ್ವಲ್ಪವೇ ಖರ್ಚು ಮಾಡುತ್ತದೆ, ಮೈಯ ನೀರು ಕಳೆದುಕೊಳ್ಳುತ್ತದೆ. ಬಳ್ಳಿಯಲ್ಲಿದ್ದಾಗ ಬೇರಿನಿಂದ ನೀರು ಬರುತ್ತಿತ್ತು, ಈಗ ಬರುವುದು ಏನೂ ಇಲ್ಲ, ಹೋಗುವುದಷ್ಟೇ. ಬಿಸಿ ಹೆಚ್ಚಿದಷ್ಟೂ ಉಸಿರು ಜೋರು. ತಂಪಾದರೆ ಉಸಿರು ನಿಧಾನ, ಅಂದರೆ ಆಯುಸ್ಸು ಹೆಚ್ಚು. ದ್ರಾಕ್ಷಿಗೆ ಇನ್ನೊಂದು ಗುಣ: ಮಾವು, ಬಾಳೆಯ ಹಾಗೆ ಕಿತ್ತ ಮೇಲೆ ಹಣ್ಣಾಗುವುದಿಲ್ಲ. ಕೊಯ್ಯುವಾಗ ಎಷ್ಟು ಸಿಹಿಯೋ ಅಷ್ಟೇ. ಆಮೇಲೆ ನಾವು ಮಾಡಬಹುದಾದದ್ದು ಅದನ್ನು ಕಾಯುವುದು ಮಾತ್ರ.

ನಾನು ಇದನ್ನೆಲ್ಲ ಅವ್ವನ ಮುಂದೆ ಹೇಳಿದಾಗ ಅವರು ನಕ್ಕರು. "ಇದನ್ನ ಹುಳು ಸಾಕಿದೋರಿಗೆ ಹೇಳ್ಕೊಡಬೇಕೇನಪ್ಪಾ?" ಎಂದರು. ನಿಜ. ಈ ಸೀಮೆಯಲ್ಲಿ ರೇಷ್ಮೆ ಹುಳುವಿನ ಮೊಟ್ಟೆಯನ್ನು ಬಿಸಿಲಲ್ಲಿ ತರುವುದಿಲ್ಲ, ಮುಂಜಾನೆಯೋ ಸಂಜೆಯೋ ತರುತ್ತಾರೆ. ಸೊಪ್ಪನ್ನು ಬೆಳಗಿನ ತಂಪಿನಲ್ಲೇ ಕೊಯ್ದು ಒದ್ದೆ ಗೋಣಿ ಮುಚ್ಚಿಡುತ್ತಾರೆ. ಹುಳುಮನೆಯ ಗೋಡೆಯ ಮೇಲೆ ದೇವರ ಪಟದ ಪಕ್ಕ ಥರ್ಮಾಮೀಟರು ತೂಗುತ್ತಿರುತ್ತದೆ. ಪುಟ್ಟಿಗೆ ಶಾಖ ನೋಡಿ ಬರೆಯುವ ಅಭ್ಯಾಸ ಬಂದದ್ದೂ ಅವ್ವನ ಹುಳುಮನೆಯಿಂದಲೇ.

ಆದರೆ ಲೆಕ್ಕದ ಪುಸ್ತಕ ಹುಟ್ಟಿದ್ದು ಮಾತ್ರ ಒಂದು ನಷ್ಟದಿಂದ. ಹಿಂದಿನ ವರ್ಷ ಮೂರು ತೋಟದವರು ಸೇರಿ ಒಂದು ಕಂಟೇನರ್ ತುಂಬಿ ಮಲೇಷ್ಯಾಕ್ಕೆ ಕಳಿಸಿದ್ದರು. ಅವತ್ತು ಆಳುಗಳು ಬಂದದ್ದು ತಡ, ಕೊಯ್ಲು ಮುಗಿದದ್ದು ಮಧ್ಯಾಹ್ನ. ಹಣ್ಣು ಪ್ಯಾಕ್‌ಹೌಸ್ ತಲುಪಿದಾಗ ಸಂಜೆ, ಅಲ್ಲಿ ಬೇರೆಯವರ ಮಾಲು ಮುಂದಿತ್ತು. ಪೂರ್ತಿ ತಣ್ಣಗಾಗುವಷ್ಟು ಕಾಯದೆ ಲೋಡ್ ಮಾಡಿದರು. ಕಂಟೇನರಿನ ಯಂತ್ರ ಒಂದು ಕ್ಷಣವೂ ಕೆಡಲಿಲ್ಲ. ಆದರೂ ಆ ಕಡೆ ಬಾಗಿಲು ತೆಗೆದಾಗ ಡಬ್ಬಗಳಲ್ಲಿ ಬೂದು ಬೂಸ್ಟು. ಮೂರೂ ಮನೆಗೆ ಸೇರಿ ಬಂದ ಹಣ ಡಬ್ಬದ ಖರ್ಚಿಗೂ ಸಾಲಲಿಲ್ಲ. ಒಬ್ಬರು ತೋಟವನ್ನೇ ಕಿತ್ತು ಟೊಮೆಟೊ ಹಾಕಿದರು. ಇವರ ಮನೆಯಲ್ಲಿ ಒಂದು ಕೊಳವೆಬಾವಿಯ ಸಾಲ ಆಗಲೇ ಇತ್ತು. ಈ ಸಲವೂ ಹಾಗಾದರೆ ತಾವೂ ಚಪ್ಪರ ಕೀಳುವುದೇ ಎಂದು ಯಜಮಾನರು ಸಣ್ಣ ದನಿಯಲ್ಲಿ ಹೇಳಿದರು, ಮಗಳಿಗೆ ಕೇಳದಂತೆ. ಅವಳಿಗೆ ಕೇಳಿಸಿತ್ತು.

ಯಂತ್ರ ಸರಿಯಾಗಿದ್ದೂ ಹಣ್ಣು ಕೊಳೆತದ್ದು ಹೇಗೆ? ಬಿಸಿ ಅನ್ನವನ್ನು ಫ್ರಿಜ್ಜಿನಲ್ಲಿ ಇಡಬೇಡ ಎಂದು ಅಜ್ಜಿಯರು ಬೈಯುವುದಿಲ್ಲವೇ? ಇಟ್ಟರೆ ಪಾತ್ರೆಯ ಮುಚ್ಚಳದ ಒಳಗೆಲ್ಲ ನೀರು ಬೆವರುತ್ತದೆ, ಪಕ್ಕದ ಹಾಲೂ ಬಿಸಿಯಾಗುತ್ತದೆ. ರೀಫರ್ ಎಂದು ಕರೆಯುವ ಶೀತಲ ಕಂಟೇನರಿನ ಕಥೆಯೂ ಅದೇ. ಅದು ತಣ್ಣಗಿರುವುದನ್ನು ತಣ್ಣಗೆ ಇಟ್ಟುಕೊಳ್ಳುವ ಪೆಟ್ಟಿಗೆ. ಬಿಸಿ ಹಣ್ಣನ್ನು ತಣ್ಣಗೆ ಮಾಡುವಷ್ಟು ಬಲ ಅದಕ್ಕೆ ಕೊಟ್ಟಿಲ್ಲ. ಬೆಚ್ಚಗಿನ ಹಣ್ಣು ತುಂಬಿದರೆ ಡಬ್ಬದ ನಡುವಿನ ಗೊಂಚಲು ತಂಪಾಗಲು ದಿನಗಟ್ಟಲೆ ಬೇಕು. ಅಷ್ಟರೊಳಗೆ ಬೆವರಿ, ಬೂಸ್ಟಿಗೆ ಹಾಸಿಗೆ ಹಾಸಿಕೊಟ್ಟಿರುತ್ತದೆ. ದೊಡ್ಡ ಸಮುದ್ರ, ದೊಡ್ಡ ಅಲೆ ಎಂದು ನಾವು ಹೆದರುತ್ತೇವೆ. ಹಣ್ಣಿಗೆ ನಿಜವಾದ ಅಪಾಯ ಇರುವುದು ದಿಬ್ಬೂರಹಳ್ಳಿಯ ಚಪ್ಪರಕ್ಕೂ ಪ್ಯಾಕ್‌ಹೌಸಿನ ಬಾಗಿಲಿಗೂ ನಡುವಿನ ಮೂರು ನಾಲ್ಕು ಗಂಟೆಯಲ್ಲಿ.

ಅದಕ್ಕೇ ಈ ಸಲ ಒಂಬತ್ತಕ್ಕೆ ಕೊಯ್ಲು ನಿಂತಿತು. ಕ್ರೇಟುಗಳನ್ನು ಹುಣಸೆಮರದ ನೆರಳಲ್ಲಿ ಜೋಡಿಸಿ, ಒದ್ದೆ ಗೋಣಿ ಕಟ್ಟಿದ ಟೆಂಪೋದಲ್ಲಿ ಹೊರಟೆವು. ಗೋಣಿಯ ಉಪಾಯ ಅವ್ವನದು. ಚಿಂತಾಮಣಿ ದಾಟಿ, ಕೋಲಾರದ ಹೆದ್ದಾರಿ ಬದಿಯ ಪ್ಯಾಕ್‌ಹೌಸ್‌ಗೆ ಎರಡು ಗಂಟೆ ಹಾದಿ.

ಪ್ಯಾಕ್‌ಹೌಸ್ ಒಳಗೆ ಹೋಗಲು ತಲೆಗೆ ಟೋಪಿ, ಕಾಲಿಗೆ ಚೀಲ. ಹೆಣ್ಣುಮಕ್ಕಳು ಸಣ್ಣ ಕತ್ತರಿ ಹಿಡಿದು ಒಂದೊಂದು ಗೊಂಚಲಿನಿಂದ ಸೀಳಿದ, ಮೆತ್ತಗಾದ ಹಣ್ಣನ್ನು ತೆಗೆಯುತ್ತಿದ್ದರು. ಹಣ್ಣನ್ನು ಬೆರಳಲ್ಲಿ ಮುಟ್ಟುವುದಿಲ್ಲ, ತೊಟ್ಟು ಹಿಡಿದು ತಿರುಗಿಸುತ್ತಾರೆ. ಮೈಮೇಲಿನ ಬಿಳಿ ಪುಡಿ ಅಳಿಸಬಾರದಂತೆ, ಅದು ಹಣ್ಣು ತಾನೇ ಬಳಿದುಕೊಂಡ ಮೇಣ. ಡಬ್ಬದಲ್ಲಿ ಹಣ್ಣಿನ ಮೇಲೆ ಒಂದು ತೆಳ್ಳನೆ ಹಾಳೆ ಇಡುತ್ತಾರೆ. ಅದರಿಂದ ಗಂಧಕದ ಹೊಗೆಯಂಥದ್ದು ದಿನಗಟ್ಟಲೆ ಸಣ್ಣಗೆ ಹೊರಟು ಬೂಸ್ಟನ್ನು ತಡೆಯುತ್ತದೆ. ಹಾಗೆ ತುಂಬಿದ ಡಬ್ಬಗಳು ತಣ್ಣನೆ ಕೋಣೆಗೆ ಹೋದವು. ದೊಡ್ಡ ಫ್ಯಾನುಗಳು ಡಬ್ಬದ ತೂತುಗಳ ಮೂಲಕ ಚಳಿಗಾಳಿಯನ್ನು ಎಳೆಯುತ್ತವೆ. ಪುಟ್ಟಿ ಗಂಟೆಗೊಮ್ಮೆ ಅಪ್ಪನನ್ನು ಒಳಗೆ ಕಳಿಸಿ ಅಂಕಿ ತರಿಸಿಕೊಂಡಳು: 22, 15, 9, 5. ರಾತ್ರಿ ಎಂಟಕ್ಕೆ 2. ಆಮೇಲೇ ಅವಳು ಊಟಕ್ಕೆ ಎದ್ದದ್ದು.

ರೀಫರ್ ಕಂಟೇನರ್ ಹೊರಗಿನಿಂದ ನೋಡಲು ಬಿಳಿ ಕಬ್ಬಿಣದ ಪೆಟ್ಟಿಗೆ, 40 ಅಡಿ ಉದ್ದ. ಒಂದು ತುದಿಯಲ್ಲಿ ಬಾಗಿಲು, ಇನ್ನೊಂದು ತುದಿಯಲ್ಲಿ ಯಂತ್ರ. ಒಳಗಿನ ನೆಲ ಸಮತಟ್ಟಲ್ಲ, ಉದ್ದಕ್ಕೂ ಕಾಲುವೆಯಂಥ ಗೀರುಗಳು. ತಂಪುಗಾಳಿ ಆ ಕಾಲುವೆಯಲ್ಲಿ ಹರಿದು, ಡಬ್ಬಗಳ ನಡುವೆ ಮೇಲೇರಿ, ಸೂರಿನ ಕೆಳಗಿಂದ ಯಂತ್ರಕ್ಕೆ ಮರಳುತ್ತದೆ. ಗೋಡೆಯ ಮೇಲೆ ಒಂದು ಕೆಂಪು ಗೆರೆ ಇದೆ. ಅದರ ಮೇಲೆ ಡಬ್ಬ ಇಟ್ಟರೆ ಗಾಳಿ ಮರಳುವ ದಾರಿ ಮುಚ್ಚುತ್ತದೆ. ಯಂತ್ರದ ಮುಖದಲ್ಲಿ ಎರಡು ಅಂಕಿ ಕಾಣುತ್ತವೆ: ಒಳಗೆ ಕಳಿಸುವ ಗಾಳಿಯ ಶಾಖ ಮತ್ತು ಹಣ್ಣನ್ನು ಸುತ್ತಿ ಮರಳಿದ ಗಾಳಿಯ ಶಾಖ. ಎರಡೂ ಹತ್ತಿರ ಇದ್ದರೆ ಹಣ್ಣು ತಣ್ಣಗಿದೆ. ಹಿಂದಿನ ವರ್ಷದ ದಾಖಲೆಯಲ್ಲಿ ಎರಡನೆಯ ಅಂಕಿ ನಾಲ್ಕು ದಿನ ಇಳಿದಿರಲೇ ಇಲ್ಲ.

ಎಲ್ಲ ಹಣ್ಣಿಗೂ ಒಂದೇ ಚಳಿ ಎಂದುಕೊಳ್ಳಬೇಡಿ. ದ್ರಾಕ್ಷಿಗೆ ಸೊನ್ನೆಯ ಹತ್ತಿರ ಬೇಕು. ಒಳಗೆ ಸಕ್ಕರೆ ಇರುವುದರಿಂದ ಸೊನ್ನೆಯಲ್ಲೂ ಅದು ಹೆಪ್ಪುಗಟ್ಟುವುದಿಲ್ಲ. ಬಾಳೆಹಣ್ಣನ್ನು ಅಷ್ಟು ಚಳಿಯಲ್ಲಿಟ್ಟರೆ ಸಿಪ್ಪೆ ಕಪ್ಪಾಗಿಬಿಡುತ್ತದೆ, ಅದಕ್ಕೆ 13 ಡಿಗ್ರಿ ಆಸುಪಾಸು. ಮಾವಿಗೂ ಹೆಚ್ಚು ಚಳಿ ಆಗದು. ಮಂಗಳೂರಿನ ಕಡೆಯಿಂದ ಹೋಗುವ ಮೀನು, ಸಿಗಡಿಗೆ ಸೊನ್ನೆಗಿಂತ 18 ಡಿಗ್ರಿ ಕೆಳಗೆ. ಅದು ಉಸಿರಾಡುವುದಿಲ್ಲ, ಕಲ್ಲಾಗಿ ಕೂತಿರುತ್ತದೆ, ಅದನ್ನು ಒಯ್ಯುವುದು ಹಣ್ಣಿಗಿಂತ ಸುಲಭ.

ರಾತ್ರಿ ಹತ್ತಕ್ಕೆ ಬಾಗಿಲು ಹಾಕಿ ಮೊಹರು ಒತ್ತಿದರು. ಚಾಲಕರು ನನ್ನನ್ನು ಕ್ಯಾಬಿನ್ನಿನಲ್ಲಿ ಕೂರಿಸಿಕೊಂಡರು. ಕೃಷ್ಣಗಿರಿಯವರು, ತಮಿಳು ಬೆರೆಸಿದ ಚೆಂದದ ಕನ್ನಡ. ಟ್ರೇಲರಿಗೆ ಒಂದು ಡೀಸೆಲ್ ಜನರೇಟರು ಕಟ್ಟಿರುತ್ತದೆ, ರಸ್ತೆಯಲ್ಲಿ ಯಂತ್ರಕ್ಕೆ ಕರೆಂಟು ಅದರಿಂದಲೇ. ಮುಳಬಾಗಿಲು, ನಂಗಲಿ, ಪಲಮನೇರು. ಪ್ರತಿ ಟೀ ಅಂಗಡಿಯಲ್ಲೂ ಅವರು ಮೊದಲು ಟಾರ್ಚು ಹಿಡಿದು ಆ ಎರಡು ಅಂಕಿ ನೋಡಿಬರುತ್ತಿದ್ದರು, ಆಮೇಲೆ ಟೀ. "ತೊಟ್ಟಿಲು ಮಗೂನ ನೋಡ್ತೀವಲ್ಲ ಸಾರ್, ಹಂಗೆ" ಎಂದರು. ಮೊಗಿಲಿ ಘಾಟಿ ಇಳಿದದ್ದು, ಚಿತ್ತೂರು ದಾಟಿದ್ದು ಅರೆನಿದ್ದೆಯಲ್ಲಿ. ರಾಣಿಪೇಟೆಯಲ್ಲಿ ಬೆಳಕು ಹರಿಯಿತು.

ಚೆನ್ನೈ ಬಂದರಿನ ಗೇಟಿನ ಮುಂದೆ ಟ್ರೇಲರುಗಳ ಸಾಲು. ಪಾಸಿಲ್ಲದ ನನ್ನಂಥವರಿಗೆ ಒಳಗೆ ಬಿಡುವುದಿಲ್ಲ. ಚಾಲಕರು ಇಳಿಸಿ, ಒಳಗೆ ನಡೆಯುವುದನ್ನು ಹೇಳಿದರು: ರೀಫರ್‌ಗಳಿಗೆಂದೇ ಬೇರೆ ಅಂಗಳ, ಸಾಲು ಸಾಲು ಪ್ಲಗ್ಗು. ನಮ್ಮ ಮನೆಯ ಫ್ರಿಜ್ಜಿನಂತೆಯೇ ಚುಚ್ಚುವುದು, ಆದರೆ 440 ವೋಲ್ಟ್. ಹಡಗಿನಲ್ಲೂ ಹಾಗೇ ಪ್ಲಗ್ಗು. ಅಲ್ಲಿಂದ ಮಲೇಷ್ಯಾದ ಕ್ಲಾಂಗ್ ಬಂದರಿಗೆ ಒಂದು ವಾರದ ಆಸುಪಾಸು.

ನನಗೆ ಒಂದು ದಿನ ಬಿಡುವಿತ್ತು. ಮರೀನಾ ಕಡಲತೀರದ ಎದುರು ವಿವೇಕಾನಂದ ಇಲ್ಲಂ ಎಂಬ ದುಂಡನೆಯ ಮುಖದ ಕಟ್ಟಡ ಇದೆ. 1897ರಲ್ಲಿ ಸ್ವಾಮಿ ವಿವೇಕಾನಂದರು ಅಲ್ಲಿ ಒಂಬತ್ತು ದಿನ ತಂಗಿದ್ದರು. ಚೆನ್ನೈನ ಹಳಬರು ಇವತ್ತಿಗೂ ಆ ಜಾಗವನ್ನು ಐಸ್ ಹೌಸ್ ಎನ್ನುತ್ತಾರೆ, ಏಕೆಂದರೆ 1842ರಲ್ಲಿ ಅದನ್ನು ಕಟ್ಟಿದ್ದು ಮಂಜುಗಡ್ಡೆ ಇಡಲು. ಮಂಜುಗಡ್ಡೆ ಬರುತ್ತಿದ್ದದ್ದು ಎಲ್ಲಿಂದ ಗೊತ್ತೇ? ಅಮೆರಿಕದಿಂದ! ಫ್ರೆಡರಿಕ್ ಟ್ಯೂಡರ್ ಎಂಬ ಬಾಸ್ಟನ್ ವ್ಯಾಪಾರಿ, ಚಳಿಗಾಲದಲ್ಲಿ ಅಲ್ಲಿಯ ಕೆರೆಗಳ ಮೇಲೆ ಕಟ್ಟಿದ ಮಂಜನ್ನು ಕಲ್ಲಿನಂತೆ ಕೊಯ್ದು, ಮರದ ಹೊಟ್ಟು ತುಂಬಿ ಹಡಗಿನಲ್ಲಿ ಕಳಿಸುತ್ತಿದ್ದ. 1833ರಲ್ಲಿ 'ಟಸ್ಕನಿ' ಎಂಬ ಹಡಗು 180 ಟನ್ ಮಂಜಿನೊಂದಿಗೆ ಹೊರಟು, ನಾಲ್ಕು ತಿಂಗಳಲ್ಲಿ ಕಲ್ಕತ್ತೆ ಮುಟ್ಟಿತು. ಸುಮಾರು 100 ಟನ್ ಕರಗದೆ ಉಳಿದಿತ್ತು! ಕೆರೆಯ ನೀರನ್ನು ಮಾರಿ ಸಾಹುಕಾರನಾದವನ ಕಥೆಯನ್ನು ದಿಬ್ಬೂರಹಳ್ಳಿಯಲ್ಲಿ ಹೇಳಲು ನನಗೆ ಸ್ವಲ್ಪ ಸಂಕೋಚವಾಯಿತು.

ಹಡಗಿನಲ್ಲೇ ಚಳಿ ಹುಟ್ಟಿಸುವ ಯಂತ್ರ ಬಂದದ್ದು ಆಮೇಲೆ. 1882ರ ಫೆಬ್ರವರಿ 15ರಂದು ನ್ಯೂಜಿಲೆಂಡಿನಿಂದ 'ಡ್ಯುನೆಡಿನ್' ಎಂಬ ಹಾಯಿಹಡಗು ಸುಮಾರು 5,000 ಕುರಿಗಳ ಮಾಂಸ ತುಂಬಿ ಲಂಡನ್ನಿಗೆ ಹೊರಟಿತು. ಉಷ್ಣವಲಯದಲ್ಲಿ ಗಾಳಿ ನಿಂತು ಹಡಗು ತೂಗಾಡತೊಡಗಿದಾಗ, ಉಗ್ರಾಣದೊಳಗೆ ತಂಪುಗಾಳಿ ಸರಿಯಾಗಿ ಓಡುತ್ತಿಲ್ಲ ಎಂದು ಗೊತ್ತಾಯಿತು. ಕ್ಯಾಪ್ಟನ್ ವಿಟ್ಸನ್ ತಾನೇ ಗಾಳಿಯ ಕೊಳವೆಯೊಳಗೆ ತೆವಳಿ ಹೋಗಿ, ಗರಗಸದಿಂದ ಹೆಚ್ಚು ತೂತು ಕೊರೆದರು. ಚಳಿಗೆ ಅಲ್ಲೇ ಮರಗಟ್ಟಿ ಬಿದ್ದವರನ್ನು ನಾವಿಕರು ಕಾಲಿಗೆ ಹಗ್ಗ ಕಟ್ಟಿ ಎಳೆದು ಉಳಿಸಿದರು. 98 ದಿನದ ಮೇಲೆ ಲಂಡನ್ನಿನಲ್ಲಿ ಇಳಿಸಿದಾಗ ಕೆಟ್ಟಿದ್ದದ್ದು ಒಂದೇ ಒಂದು ಕುರಿ. ಆ ಕೊಳವೆಯ ತೂತಿಗೂ ಪ್ಯಾಕ್‌ಹೌಸಿನ ಡಬ್ಬದ ತೂತಿಗೂ ಕೆಲಸ ಒಂದೇ: ಗಾಳಿಗೆ ದಾರಿ.

ಗಾಳಿ ಎಂದಾಗ ಈರುಳ್ಳಿಯ ಮಾತು ಹೇಳಲೇಬೇಕು. ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದ ಗುಲಾಬಿ ಈರುಳ್ಳಿಯೇ ಈ ಸೀಮೆಯ ನಿಜವಾದ ಸಮುದ್ರಯಾನಿ. ಅಡಿ ಚಪ್ಪಟೆ, ಬಣ್ಣ ಕಡುಗೆಂಪು, ಖಾರ ಜಾಸ್ತಿ. 2015ರಲ್ಲಿ ಇದಕ್ಕೂ ಭೌಗೋಳಿಕ ಗುರುತು ಬಂತು. ಬೆಳೆದದ್ದರಲ್ಲಿ ಹೆಚ್ಚಿನದು ಮಲೇಷ್ಯಾ, ಸಿಂಗಪುರ, ಇಂಡೋನೇಷ್ಯಾ ಕಡೆಗೇ. ಇದಕ್ಕೆ ದ್ರಾಕ್ಷಿಯಷ್ಟು ಚಳಿ ಬೇಡ, ಒಣಗಾಳಿ ಆಡಿದರೆ ಸಾಕು. ಮುಚ್ಚಿಟ್ಟರೆ ಬೆವರಿ ಮೊಳಕೆ ಬರುತ್ತದೆ. ಆದರೆ ಈರುಳ್ಳಿಗೆ ಬೇರೆ ಬಿಸಿ ತಟ್ಟುತ್ತದೆ. ದೇಶದಲ್ಲಿ ಬೆಲೆ ಏರಿತೆಂದು 2019ರ ಸೆಪ್ಟೆಂಬರ್ 29ರಂದು ಈರುಳ್ಳಿ ರಫ್ತನ್ನು ಪೂರ್ತಿ ನಿಲ್ಲಿಸಿದರು. ನಮ್ಮವರು ಹೆಚ್ಚಾಗಿ ತಿನ್ನದ ಗುಲಾಬಿ ಈರುಳ್ಳಿಯೂ ಅದರಲ್ಲಿ ಸಿಕ್ಕಿಕೊಂಡಿತು. ಒಂದು ತಿಂಗಳ ಮೇಲೆ 9,000 ಟನ್ನಿಗೆ ಮಾತ್ರ ಅನುಮತಿ ಬಂತು, ಅದೂ ನವೆಂಬರ್ ಕೊನೆಯವರೆಗೆ, ಅದೂ ಚೆನ್ನೈ ಬಂದರಿನಿಂದಲೇ. 2020ರಲ್ಲಿ ಮತ್ತೆ ಅದೇ ಕಥೆ, ಆಗ 10,000 ಟನ್. ಕಾಗದ ಬರುವವರೆಗೆ ಹೊಲದಲ್ಲಿ ಕೂತ ಈರುಳ್ಳಿಗೆ ಯಾವ ಯಂತ್ರವೂ ಆಯುಸ್ಸು ಕೊಡಲಾರದು. ಬೆಲೆ ಇಳಿಸಲು ಬೇರೆ ದಾರಿಗಳಿರುವಾಗ, ಊರಿನವರು ಹೆಚ್ಚಾಗಿ ತಿನ್ನದ ಈರುಳ್ಳಿಯನ್ನು ತಡೆದು ಯಾರಿಗೆ ಏನು ಸಿಕ್ಕಿತೋ ನನಗೆ ತಿಳಿಯಲಿಲ್ಲ.

ದೂರದ ಜಗಳವೂ ಹಣ್ಣಿನ ಆಯುಸ್ಸು ತಿನ್ನುತ್ತದೆ. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದಾಗ, ಯುರೋಪಿಗೆ ಹೊರಟ ನಾಸಿಕದ ದ್ರಾಕ್ಷಿ ಸೂಯೆಜ್ ಕಾಲುವೆ ಬಿಟ್ಟು ಆಫ್ರಿಕಾ ಖಂಡವನ್ನೇ ಸುತ್ತಿ ಹೋಗಬೇಕಾಯಿತು. ಅಟ್ಲಾಸ್ ತೆಗೆದು ಆ ದಾರಿಗೆ ಬೆರಳಿಟ್ಟು ನೋಡಿ. ಸುಮಾರು ಎರಡು ವಾರ ಹೆಚ್ಚು. ಮೊದಲ ದಿನ ಸರಿಯಾಗಿ ತಣ್ಣಗಾದ ಹಣ್ಣಿಗಷ್ಟೇ ಅಂಥ ದಾರಿ ಸವೆಸುವ ಶಕ್ತಿ ಉಳಿದಿರುತ್ತದೆ.

ನಾನು ಊರಿಗೆ ಬಂದು ಹನ್ನೊಂದು ದಿನವಾದ ಮೇಲೆ ಪುಟ್ಟಿ ಅಪ್ಪನ ಫೋನಿನಿಂದ ಮಾತಾಡಿದಳು. ಕಂಟೇನರಿನ ದಾಖಲೆ ಬಂದಿತ್ತು. "ಎರಡು ಗೆರೆನೂ ಮೊದಲನೇ ರಾತ್ರೀನೇ ಒಂದಾಗಿಬಿಟ್ಟಿದೆ ಅಂಕಲ್, ಆಮೇಲೆ ಬಿಟ್ಟೇ ಇಲ್ಲ" ಎಂದಳು. ಬಾಗಿಲು ತೆಗೆದಾಗಿನ ಫೋಟೊ ಕೂಡ ಕಳಿಸಿದ್ದರಂತೆ, ತೊಟ್ಟು ಇನ್ನೂ ಹಸಿರಾಗಿತ್ತಂತೆ. ಹಿಂದಿನಿಂದ ಅವ್ವನ ದನಿ ಕೇಳಿಸಿತು: "ದುಡ್ಡು ಬಂತಾ ಕೇಳು." ಇನ್ನೂ ಬಂದಿರಲಿಲ್ಲ, ಒಂದು ತಿಂಗಳಾಗುತ್ತದೆ ಎಂದು ವ್ಯಾಪಾರಿ ಹೇಳಿದ್ದರು. ಯಜಮಾನರು ಫೋನಿಗೆ ಸಿಗಲಿಲ್ಲ, ತೋಟದಲ್ಲಿದ್ದರು. ಏಪ್ರಿಲ್ ಬಂದಿತ್ತು, ಬಳ್ಳಿ ಸವರುವ ಕೆಲಸ ಶುರುವಾಗಿತ್ತು.